ಹನ್ನೊಂದು ಚುಕ್ಕಿಗಳ ಸಾಕ್ಷಿ

“ಏರಾಕತ್ತೈತೋ, ಇಳ್ಯಾಕತ್ತೈತೋ? ಅಷ್ಟ ಹೇಳ್ರಿ ಮೇಡಂ. ಬಾಕಿ ಪುರಾಣ ಬ್ಯಾಡ.”

ರಾವಸಾಹೇಬ ಆ ಹಾಳೆಯನ್ನು ಅನುಸೂಯಾಳ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದ. ಹಾಳೆಯ ಮೇಲೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಅವೆರಡರ ನಡುವೆ ಹನ್ನೊಂದು ಕಪ್ಪು ಚುಕ್ಕಿಗಳು. ಎಡಗಡೆ ತಳದಲ್ಲಿ ಶುರುವಾದ ಚುಕ್ಕಿಗಳು ಬಲಕ್ಕೆ ಹೋದಂತೆ ಮೇಲಕ್ಕೆ ಹತ್ತಿದ್ದವು, ಗುಡ್ಡ ಏರುವ ಕುರಿಸಾಲಿನ ಹಾಗೆ.

“ಏರಾಕತ್ತೈತ್ರಿ,” ಎಂದಳು ಅನುಸೂಯಾ.

“ಕೇಳಿದ್ರ್ಯಾ ಸಾಹೇಬ್ರ?” ರಾವಸಾಹೇಬ ಹಾಳೆಯನ್ನು ವಿಚಾರಣೆಗೆ ಕೂತಿದ್ದ ಉಪವಿಭಾಗಾಧಿಕಾರಿಗಳ ಮೇಜಿನ ಮೇಲಿಟ್ಟು, ಬೆಂಚುಗಳ ಮೇಲೆ ಕೂತ ಜನರ ಕಡೆ ತಿರುಗಿದ. “ಕಾಲೇಜಿನ್ಯಾಗ ಇದನ್ನ ಕಲಸವ್ರ ಬಾಯಿಲೆ ಬಂತು. ನನ್ನ ದ್ರಾಕ್ಷಿ ತ್ವಾಟದ ಮೋರಿಯಿಂದ ದೂರ ಹೋದಂಗ ಹೋದಂಗ ಕುರಿ ಸಾಯೂದು ಜಾಸ್ತಿ. ದೂರ ಅಂದ್ರ ಎಲ್ಲಿ? ಈ ಮಾಳಸಿದ್ದನ ಗುಡ್ಡ. ಇಂವಾ ಮಂದಿ ಕುರಿಗೆಲ್ಲಾ ಔಷಧ ಕುಡಸೂ ಜಾಗಾ. ಸುಹಾಸ ಅದನ್ನ ಪತ್ತೆ ಹಚ್ಚಿದಾ. ಅದಕ್ಕ ಅಂವನ್ನ ಮುಗಿಸ್ಯಾನ.”

ಎಂಟು ದಿನಗಳ ಹಿಂದೆ, ಮಂಗಳವಾರ ಮಧ್ಯಾಹ್ನ, ಕರೋಶಿ ಕಡೆ ಹೊರಟಿದ್ದ ಪಶು ಪರೀಕ್ಷಕ ಸುಹಾಸ ಕಾಣೆಯಾಗಿದ್ದ. ಹಳ್ಳದಲ್ಲಿ ಬಿದ್ದಿದ್ದ ಅವನ ಬೈಕಿನ ಸೀಟಿಗೆ ರಕ್ತ ಹತ್ತಿತ್ತು, ಹೆಣ ಮಾತ್ರ ಸಿಕ್ಕಿರಲಿಲ್ಲ.

ಮಾಳಸಿದ್ದ ಗೋಡೆಗೆ ಬೆನ್ನು ಹಚ್ಚಿ ಇಬ್ಬರು ಕಾನ್ಸ್‌ಟೇಬಲ್‌ಗಳ ನಡುವೆ ನಿಂತಿದ್ದ. ಹೆಗಲ ಮೇಲೆ ಕಂಬಳಿ. ಅರವತ್ತರ ಹತ್ತಿರದ ವಯಸ್ಸು. ಅನುಸೂಯಾಳಿಗೆ ಸೋದರಮಾವ. ಹಿಂಡಿನ ಹಿಂದೆ ಹೊರಟಿದ್ದ ಒಂಬತ್ತು ವರ್ಷದ ಹುಡುಗಿಯನ್ನು ಕೈ ಹಿಡಿದು ವಾಪಸು ಕರೆತಂದು ಶಾಲೆಗೆ ಸೇರಿಸಿದವನು ಅವನೇ. ಆ ಹುಡುಗಿ ಈಗ ಚಿಕ್ಕೋಡಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಉಪನ್ಯಾಸಕಿ.

ಮತ್ತು ಆ ಹುಡುಗಿ ಈಗಷ್ಟೇ, ತುಂಬಿದ ಕೋಣೆಯಲ್ಲಿ, ತನ್ನ ಬಾಯಿಯಿಂದಲೇ ‘ಏರಾಕತ್ತೈತಿ’ ಎಂದಿದ್ದಳು.

ಮಾಳಸಿದ್ದನ ಮುಖದಲ್ಲಿ ಸಿಟ್ಟಿರಲಿಲ್ಲ. ಅರ್ಥವಾಗದ ಬೇರೆ ಭಾಷೆಯನ್ನು ಕೇಳಿದವನ ಹಾಗೆ ಸೋದರಸೊಸೆಯನ್ನು ನೋಡಿದ.

“ಸಾಹೇಬ್ರ, ನನ್ನ ಹಿಂಡಿನ್ಯಾಗ ಸತ್ತದ್ದು ಒಂದ ಕುರಿ ರೀ,” ಎಂದ.

“ಮುಚ್ಚಿಟ್ಟಿರ್ತಿ ಲೇ!” ರಾವಸಾಹೇಬ ಅಲ್ಲಿಂದಲೇ ಗದರಿದ. “ಎಷ್ಟ ಸತ್ತಾವಂತ ಹೇಳಾಕ ಯಾರದಾರ? ಬಾಕಿ ಕುರಿಗಾರರೆಲ್ಲಾ ಹಿಂಡು ಹೊಡಕೊಂಡು ಕೃಷ್ಣಾ ದಾಟಿ ಹೋಗ್ಯಾರ. ಉಳಿದದ್ದು ಸುಹಾಸನ ಕಾಗದ ಒಂದ.”

ಉಪವಿಭಾಗಾಧಿಕಾರಿ ಕನ್ನಡಕ ಸರಿಪಡಿಸಿಕೊಂಡು ಹಾಳೆಯನ್ನು ಎತ್ತಿಕೊಂಡರು. “ಇದು ನಿಮ್ಮ ಕೈಗೆ ಹ್ಯಾಂಗ ಬಂತು?”

“ಸೋಮವಾರ ಸಂಜಿಕ ತಂದು ಕೊಟ್ಟಾನ್ರಿ. ‘ಧನೀ, ಇದು ನಿಮ್ಮ ಹಂತ್ಯಾಕ ಇರಲಿ, ಮಾಳಸಿದ್ದ ನನ್ನ ಜೀವಂತ ಬಿಡಂಗಿಲ್ಲ’ ಅಂದ. ಮರುದಿನಾ ಅಂವಾ ಇಲ್ಲ.”

ಪಿಎಸ್‌ಐ ಸಿದ್ದಲಿಂಗ ಮೇಜಿನ ಪಕ್ಕದಲ್ಲಿ ನಿಂತಿದ್ದ. ಶಾಂತಿಭಂಗದ ಹೆಸರಿನಲ್ಲಿ ಮಾಳಸಿದ್ದನನ್ನು ಇದುವರೆಗೆ ಒಳಗಿಟ್ಟಿದ್ದರು. ಅಧಿಕಾರಿ ಈ ಹಾಳೆಯನ್ನು ಒಪ್ಪಿಕೊಂಡರೆ ಕೊಲೆಗೆ ಕಾರಣ ಸಿಕ್ಕಂತೆ. ಸಂಜೆಯೊಳಗೆ ಕೊಲೆಯ ಮೊಕದ್ದಮೆ. ಆಮೇಲೆ ಹಿಂಡಲಗಾ ಜೈಲು.

ಆರು ವಾರಗಳ ಹಿಂದೆ ಸುಹಾಸ ಅನುಸೂಯಾಳ ಕಾಲೇಜಿಗೆ ಬಂದಿದ್ದ. ದ್ರಾಕ್ಷಿ ತೋಟದ ಮೋರಿ ಬಂದು ಸೇರುವ ಕರೋಶಿ ಹಳ್ಳದ ಗುಂಟ ಕುರಿ ಸಾಯುತ್ತಿವೆ, ಸಾವಿಗೂ ಜಾಗಕ್ಕೂ ಸಂಬಂಧ ಇದೆಯೋ ಇಲ್ಲವೋ ತಿಳಿಯುವುದು ಹೇಗೆ ಎಂದು ಕೇಳಿದ್ದ. ಅವಳೇ ಹೇಳಿಕೊಟ್ಟಿದ್ದಳು: ಪ್ರತಿ ಹಿಂಡಿಗೆ ಒಂದು ಚುಕ್ಕಿ ಇಡು. ಅಡ್ಡಗೆರೆಯ ಮೇಲೆ ದೂರ, ಉದ್ದಗೆರೆಯ ಮೇಲೆ ಸತ್ತ ಕುರಿ. ಚುಕ್ಕಿಗಳೇ ಮಾತಾಡುತ್ತವೆ.

ಈಗ ಚುಕ್ಕಿಗಳು ಮಾತಾಡಿದ್ದವು. ಮಾಮಾನ ವಿರುದ್ಧ.

ನಿಜವೇ ಇರಬಹುದೇ? ಓದು ಬಾರದ ಮುದುಕ, ಜಂತಿನ ಔಷಧದ ಅಳತೆ ತಪ್ಪಿ ಕುಡಿಸಿರಬಹುದೇ? ಆ ಯೋಚನೆ ಬಂದ ಕೂಡಲೇ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹಿಂದಿನ ಬೆಂಚಿನಿಂದ ಮಾಳಸಿದ್ದನ ಹೆಂಡತಿ ಕೆಂಪವ್ವ ಬಿಕ್ಕುವುದು ಕೇಳಿಸಿತು.

“ಸರ್, ಆ ಹಾಳಿ ಇನ್ನೊಮ್ಮೆ ನೋಡಲೇನ್ರಿ?”

“ಮತ್ತ್ಯಾಕ? ಹೇಳಿ ಆತಲಾ!” ರಾವಸಾಹೇಬ ಅಡ್ಡ ಬಂದ.

“ನಿಮ್ಮನ್ನ ಕೇಳಲಿಲ್ಲರಿ. ಸಾಹೇಬರನ್ನ ಕೇಳಿದೆ.”

ಬೆಂಚುಗಳ ಮೇಲಿನ ಗುಸುಗುಸು ನಿಂತಿತು. ಕರೋಶಿ ಸೀಮೆಯಲ್ಲಿ ರಾವಸಾಹೇಬನಿಗೆ ಹಾಗೆ ಉತ್ತರಿಸಿದವರನ್ನು ಯಾರೂ ಕಂಡಿರಲಿಲ್ಲ. ನಲವತ್ತು ಎಕರೆ ಕಬ್ಬು, ಹದಿನೆಂಟು ಎಕರೆ ದ್ರಾಕ್ಷಿ, ಒಣದ್ರಾಕ್ಷಿಯ ಶೆಡ್ಡು. ಅವನ ಎದುರು ಜನ ಕೂತು ಮಾತಾಡುತ್ತಿರಲಿಲ್ಲ.

“ಎರಡ ನಿಮಿಷ,” ಎಂದರು ಅಧಿಕಾರಿ.

ಅನುಸೂಯಾ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಪ್ರತಿ ವರ್ಷ ಹೊಸ ಹುಡುಗ ಹುಡುಗಿಯರಿಗೆ ಅವಳು ಮೊದಲ ದಿನವೇ ಹೇಳುತ್ತಿದ್ದ ಮಾತೊಂದಿತ್ತು: ಚುಕ್ಕಿ ಆಮೇಲೆ ನೋಡ್ರಿ, ಮೊದಲು ಗೆರೆಯ ಕೆಳಗಿನ ಅಂಕಿ ಓದ್ರಿ. ಇವತ್ತು ತಾನೇ ಓದಿರಲಿಲ್ಲ. ಚುಕ್ಕಿಗಳ ಏರಿಕೆ ಕಣ್ಣಿಗೆ ರಾಚಿದ್ದೇ ತಡ, ನಾಲಿಗೆ ಉತ್ತರ ಕೊಟ್ಟುಬಿಟ್ಟಿತ್ತು.

ಅವಳು ಓದಿದಳು. ಇನ್ನೊಮ್ಮೆ ಓದಿದಳು.

ನೇರ ನಡೆದು ಹೋಗಿ ಹಾಳೆಯನ್ನು ರಾವಸಾಹೇಬನ ಮುಂದೆ ಹಿಡಿದಳು. “ಧನೇರ, ಕೆಳಗ ದಪ್ಪ ಅಕ್ಷರದಾಗ ‘ಮೋರಿಯಿಂದ ದೂರ, ಕಿಲೋಮೀಟರ್’ ಅಂತ ಬರದಾರ. ಅದರ ಮ್ಯಾಲಿನ ಅಂಕಿ ಎಡದಿಂದ ಓದ್ರಿ. ಜೋರ ಓದ್ರಿ, ಎಲ್ಲಾರಿಗೂ ಕೇಳಸಲಿ.”

“ನಾ ಯಾಕ ಓದಲಿ?”

“ನೀವ ತಂದ ಕಾಗದ. ನೀವ ಓದ್ರಿ.”

ರಾವಸಾಹೇಬ ಅಧಿಕಾರಿಯ ಕಡೆ ನೋಡಿದ. ಅವರು ತಲೆಯಾಡಿಸಿದರು. ಮಕ್ಕಳಾಟಕ್ಕೆ ಒಪ್ಪಿದವನಂತೆ ಅವನು ನಕ್ಕು, ಹಾಳೆಯ ಮೇಲೆ ಉಂಗುರದ ಬೆರಳಿಟ್ಟ.

“ಆರು. ಐದು. ನಾಕು. ಮೂರು...”

ಬೆರಳು ಅಲ್ಲಿಯೇ ನಿಂತಿತು.

“ಮುಂದ?” ಎಂದಳು ಅನುಸೂಯಾ.

ಅವನು ಬೆರಳನ್ನು ಹಾಳೆಯಿಂದ ತೆಗೆದ.

“ಮುಂದ ನಾನ ಓದತೇನಿ. ಎರಡು. ಒಂದು. ಸೊನ್ನೆ.” ಅವಳು ಅಧಿಕಾರಿಯತ್ತ ತಿರುಗಿದಳು. “ಸರ್, ಎಲ್ಲಾ ಕಡೆ ಸೊನ್ನೆ ಎಡಕ್ಕ ಇರತೈತಿ, ಅಂಕಿ ಬಲಕ್ಕ ಬೆಳೀತಾವ. ಈ ಹಾಳ್ಯಾಗ ಸೊನ್ನೆ ಬಲಕ್ಕ ಐತಿ. ಬಲಗಡೆ ಅಂದ್ರ ದೂರ ಅಲ್ರಿ, ಹತ್ತರ! ಮೋರಿ ಬಾಯಿ! ಅತೀ ಎತ್ತರದ ಚುಕ್ಕಿ, ಇಪ್ಪತ್ತಮೂರು ಕುರಿ ಸತ್ತ ಹಿಂಡು, ಮೋರಿಯಿಂದ ಅರ್ಧ ಕಿಲೋಮೀಟರ್ ಮ್ಯಾಲ ಇತ್ತು. ಎಡಗಡೆ ತಳದಾಗ ಕುಂತ ಈ ಚುಕ್ಕಿ ನೋಡ್ರಿ. ಆರು ಕಿಲೋಮೀಟರ್ ದೂರ. ಸತ್ತದ್ದು ಒಂದ. ಮಾಳಸಿದ್ದ ಮಾಮಾನ ಹಿಂಡು.”

ಅಧಿಕಾರಿ ಮುಂದಕ್ಕೆ ಬಾಗಿದರು. “ಚುಕ್ಕಿ ಏರಿದ್ರ ಏರಿದಂಗ ಅಲ್ಲೇನಮ್ಮಾ? ನನಗ ಬಿಡಿಸಿ ಹೇಳು.”

“ಹೇಳತೇನ್ರಿ. ಕಬ್ಬಿಗೆ ನೀರ ಜಾಸ್ತಿ ಬಿಟ್ಟಂಗ ಗಳ ಉದ್ದ ಬೆಳೀತಾವ. ಒಂದು ಹೆಚ್ಚಾದ್ರ ಇನ್ನೊಂದೂ ಹೆಚ್ಚು. ಆ ಚುಕ್ಕಿ ಎಡದಿಂದ ಬಲಕ್ಕ ಏರತಾವ. ಅದು ಧನ ಸಂಬಂಧ. ಬಿಸಲ ಹೆಚ್ಚಾದಂಗ ಎಮ್ಮಿ ಹಾಲ ಕಮ್ಮಿ. ಒಂದು ಹೆಚ್ಚಾದ್ರ ಇನ್ನೊಂದು ಇಳೀತೈತಿ. ಆ ಚುಕ್ಕಿ ಬಲಕ್ಕ ಜಾರತಾವ. ಅದು ಋಣ. ಇನ್ನ ಧನೇರ ಮೀಸಿ ಉದ್ದಕ್ಕೂ ಊರಾಗಿನ ಮಳಿಗೂ ಚುಕ್ಕಿ ಇಟ್ರ, ಸಾಸಿವಿ ಚೆಲ್ಲಿದಂಗ ಕಾಣಸ್ತೈತಿ. ಸಂಬಂಧನ ಇಲ್ಲ.”

ಬೆಂಚಿನ ಮೇಲೆ ಯಾರೋ ನಗೆ ತಡೆಯಲಾರದೆ ಕೆಮ್ಮಿದರು.

“ಆದ್ರ ಈ ಮಾತು ಖರೇ ಆಗೂದು ಅಂಕಿ ಎಡದಿಂದ ಬಲಕ್ಕ ಬೆಳದಾಗ ಮಾತ್ರ. ಅಂಕಿ ತಿರುವಿ ಇಟ್ರ ಇಳ್ಯೂದು ಏರಿದಂಗ ಕಾಣಸ್ತೈತಿ. ನೋಡ್ರಿ ಬೇಕಾದ್ರ.”

ಅವಳು ಕಿಟಕಿಯ ಹತ್ತಿರ ಹೋದಳು. ಮಧ್ಯಾಹ್ನದ ಬಿಸಿಲು ಸರಳುಗಳ ನಡುವೆ ನೇರ ಒಳಗೆ ಬೀಳುತ್ತಿತ್ತು. ಹಾಳೆಯನ್ನು ಮಗುಚಿ, ಅದರ ಬೆನ್ನು ಜನರ ಕಡೆಗೆ ಬರುವಂತೆ ಬಿಸಿಲಿಗೆ ಹಿಡಿದಳು. ತೆಳು ಕಾಗದದೊಳಗಿಂದ ಹನ್ನೊಂದು ಚುಕ್ಕಿಗಳೂ ಹಾದು ಕಂಡವು. ಈಗ ಸೊನ್ನೆ ಎಡಕ್ಕಿತ್ತು. ಚುಕ್ಕಿಗಳು ಎಡದ ಎತ್ತರದಿಂದ ಬಲದ ತಳಕ್ಕೆ ಒಂದರ ಹಿಂದೊಂದು ಇಳಿದಿದ್ದವು.

ಪಿಎಸ್‌ಐ ಸಿದ್ದಲಿಂಗ ಎರಡು ಹೆಜ್ಜೆ ಮುಂದೆ ಬಂದು ಕಣ್ಣು ಕಿರಿದು ಮಾಡಿ ನೋಡಿದ. ಕೆಂಪವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ನಿಂತಳು. ಅವಳಿಗೆ ಅಂಕಿ ಬರುತ್ತಿರಲಿಲ್ಲ.

“ಇಳದಾವ್ವಾ!” ಎಂದಳು ಕೆಂಪವ್ವ. “ದೂರ ಹೋದಂಗ ಸಾಯೂದು ಕಮ್ಮಿ ಆಗೈತಿ. ನಾವು ಅದನ್ನ ಅನ್ನಾಕತ್ತಿದ್ವಿ ಮೊದಲಿಂದ.”

“ಛಾಪಸೂದ್ರಾಗ ತಪ್ಪಾಗಿರತೈತ್ರಿ,” ರಾವಸಾಹೇಬನ ದನಿ ಏರಿತು. “ಇಷ್ಟಕ್ಕ ಏನ ಆತು? ಕುರಿ ಹಿಂದ ಅಡ್ಡಾಡೂ ಮನ್ಯಾಗ ಹುಟ್ಟಿದಾಕಿ ನಮಗ ಲೆಕ್ಕಾ ಕಲಸಾಕ ಬಂದಾಳ!”

ಅನುಸೂಯಾ ಹಾಳೆಯನ್ನು ಮೇಜಿನ ಮೇಲಿಟ್ಟು ಅವನ ಎದುರು ಬಂದು ನಿಂತಳು. ಅವನಿಗಿಂತ ಒಂದು ಗೇಣು ಗಿಡ್ಡ. ತಲೆ ಎತ್ತಿಯೇ ಮಾತಾಡಬೇಕಿತ್ತು, ಎತ್ತಿದಳು.

“ಹೌದ್ರಿ, ಕುರಿ ಮನ್ಯಾಗ ಹುಟ್ಟೇನಿ. ಸಂಜಿಕ ಹಟ್ಟಿಗೆ ಬಂದ ಹಿಂಡಿನ್ಯಾಗ ಒಂದ ಮರಿ ಕಮ್ಮಿ ಇದ್ರೂ ಅದು ಸಿಗೂ ತನಕ ನಮಗ ಊಟ ಇರತಿದ್ದಿಲ್ಲ. ಅದಕ್ಕ ಎಣಿಸಾಕ ಕಲತೇನಿ. ನೀವು ಓದಿ ನೋಡಿ ತಂದಿದ್ರ ‘ಮೂರು’ ಅಂದು ನಿಂದರತಿದ್ದಿಲ್ಲ.”

“ಮೇಡಂ, ಸಂಭಾಳಿಸಿ ಮಾತಾಡ್ರಿ.”

“ಏಳು ದಿನಾ ನಮ್ಮ ಮಾಮಾ ನೆಲದ ಮ್ಯಾಲ ಮಕ್ಕೊಂಡಾನ. ಇನ್ನ ಎಷ್ಟ ಸಂಭಾಳಿಸಬೇಕ್ರಿ?”

ಅಧಿಕಾರಿ ಮೇಜು ತಟ್ಟಿದರು. “ಸಾಕು. ಅನುಸೂಯಾ ಅವರ, ಮೋರಿ ಹತ್ತರ ಸಾವು ಹೆಚ್ಚು. ಒಪ್ಪಿದೆ. ಅಷ್ಟಕ್ಕ ಮೋರಿನೀರ ಕಾರಣ ಅನ್ನಾಕ ಬರತೈತೇನು?”

ಹೌದು ಎಂದುಬಿಡುವುದು ಸುಲಭವಿತ್ತು. ಇಡೀ ಕೋಣೆ ಅದನ್ನೇ ಕೇಳಲು ಕಾದಿತ್ತು.

“ಬರಂಗಿಲ್ರಿ,” ಎಂದಳು. “ಚುಕ್ಕಿ ಕೊಂದವರ ಹೆಸರ ಹೇಳಂಗಿಲ್ಲ. ಎಲ್ಲಿ ಹುಡಕಬೇಕು ಅಂತ ಬೆರಳ ಮಾಡಿ ತೋರಸ್ತಾವ. ಬ್ಯಾರೆ ರೋಗ ಇರಬಹುದು. ಅಲ್ಲಿ ಮೇವಿನ್ಯಾಗ ಏನರ ಇರಬಹುದು. ಅದಕ್ಕ ಆ ನೀರು ಪರೀಕ್ಷಾಕ್ಕ ಕಳಸ್ರಿ ಅಂತೇನಿ. ಮಾಮಾ, ಸಾಯೂ ಮುಂದ ಕುರಿ ಹ್ಯಾಂಗ ಇದ್ದೂ? ಸಾಹೇಬರಿಗೆ ಹೇಳು.”

ಮಾಳಸಿದ್ದ ಕಂಬಳಿ ಸರಿಮಾಡಿಕೊಂಡ. ಕುರಿಯ ಮಾತು ಬಂದಾಗ ಅವನ ದನಿಗೆ ಬಲ ಬಂತು. “ಕಣ್ಣು ಹಳದಿ ಆಗಿದ್ದೂ ರೀ. ಉಚ್ಚಿ ಕೆಂಪಗ, ಕಾಸಿದ ಬೆಲ್ಲದ ನೀರಿನಂಗ. ಮೇಯೂದು ಬಿಟ್ಟು ಒಂದ ದಿನಕ್ಕ ಕಾಲ ಚಾಚತಿದ್ದೂ. ನಲವತ್ತ ವರ್ಷ ಕುರಿ ಕಾಯ್ದೇನಿ, ಇಂಥಾ ಸಾವು ನೋಡಿಲ್ಲ. ಸುಹಾಸಪ್ಪ ಕೈ ಹಚ್ಚಿ ನೋಡಿ, ‘ಮಾಳಸಿದ್ದಾ, ಇದು ಮೈಲುತುತ್ತದ ವಿಷ ಇದ್ದಂಗ ಐತಿ’ ಅಂದಿದ್ದ.”

ಮೈಲುತುತ್ತ. ದ್ರಾಕ್ಷಿ ಬಳ್ಳಿಗೆ ಬೂಜು ಬಾರದಂತೆ ಸುಣ್ಣದ ಜೊತೆ ಕಲಸಿ ಹೊಡೆಯುವ ನೀಲಿ ಹರಳು. ಆ ಸೀಮೆಯ ತೋಟಗಾರರಿಗೆಲ್ಲ ಗೊತ್ತಿದ್ದ ವಸ್ತು. ಉಳಿದ ದನಕರು ತಡೆದುಕೊಂಡಾವು, ಕುರಿಗೆ ಅದು ತಡೆಯದು.

ಬೆಂಚುಗಳ ಮೇಲಿನ ತಲೆಗಳು ಒಂದೊಂದಾಗಿ ರಾವಸಾಹೇಬನ ಕಡೆ ತಿರುಗಿದವು. ಅವನು ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡ.

ಅಧಿಕಾರಿ ಬಹಳ ಹೊತ್ತು ಬರೆದರು. ಆಮೇಲೆ ಓದಿದರು: ಮೋರಿಯ ನೀರು, ಹಳ್ಳದ ಕೆಸರು ಎರಡನ್ನೂ ಇವತ್ತೇ ಪರೀಕ್ಷೆಗೆ ಕಳಿಸಬೇಕು. ಈ ಹಾಳೆಯ ಆಧಾರದ ಮೇಲೆ ಮಾಳಸಿದ್ದನನ್ನು ಹಿಡಿದಿಡಲು ಕಾರಣವಿಲ್ಲ. ಮುಚ್ಚಳಿಕೆ ಬರೆಸಿಕೊಂಡು ಬಿಡತಕ್ಕದ್ದು.

ಕೆಂಪವ್ವ ಬಾಗಿ ನೆಲ ಮುಟ್ಟಿ ಕೈಯನ್ನು ಹಣೆಗೆ ಒತ್ತಿಕೊಂಡಳು.

ಹೊರಗಿನ ಪಡಸಾಲೆಯಲ್ಲಿ ರಾವಸಾಹೇಬ ಅನುಸೂಯಾಳ ಪಕ್ಕದಲ್ಲೇ ಹಾದ. ಸಿಟ್ಟಿನಲ್ಲಿ ಅವನಿಗೆ ಮರಾಠಿ ಬರುತ್ತಿತ್ತು. “ಬಘೂಯಾ,” ಎಂದ ಮೆಲ್ಲಗೆ. “ನೋಡೋಣಂತ. ನೀರ ತರಾಕ ಹಳ್ಳಕ್ಕ ಇಳೀಬೇಕಾಗತೈತಿ, ಮೇಡಂ. ಹಳ್ಳ ಬಾಳ ಆಳ ಐತಿ.”

“ನಾ ಈಜ ಕಲತದ್ದ ಆ ಹಳ್ಳದಾಗ್ರಿ,” ಎಂದಳು ಅನುಸೂಯಾ.

ಅವನು ಮೆಟ್ಟಿಲಿಳಿದು ಹೋದ.

ಪಿಎಸ್‌ಐ ಸಿದ್ದಲಿಂಗ ಬಂದು ಕಂಬಕ್ಕೆ ಒರಗಿದ. ವಿಚಾರಣೆಯ ಉದ್ದಕ್ಕೂ ಒಂದೂ ಮಾತಾಡದ ಮನುಷ್ಯ. “ಮುಚ್ಚಳಿಕಿ ಬರಸಾಕ ಅರ್ಧಾ ತಾಸ ಹಿಡೀತೈತ್ರಿ. ಒಂದ ಕೇಳಲಿ? ನಾ ಹದಿನಾರ ವರ್ಷ ಖೊಟ್ಟಿ ಕಾಗದ ನೋಡೇನಿ. ಖೊಟ್ಟಿ ಮಾಡಾಂವ ಅಂಕಿನ ತಿದ್ದತಾನ. ಇಪ್ಪತ್ತಮೂರನ್ನ ಮೂರು ಮಾಡಿದ್ರ ಮುಗೀತಿತ್ತು. ಇಲ್ಲಿ ಒಂದ ಚುಕ್ಕಿನೂ ಯಾಕ ಮುಟ್ಟಿಲ್ಲ?”

ಅನುಸೂಯಾಳಿಗೂ ಅದೇ ಕೊರೆಯುತ್ತಿತ್ತು. ತಿರುವಿಟ್ಟ ಅಂಕಿಗಳನ್ನು ಸಣ್ಣದಾಗಿ, ಮಾಸಲಾಗಿ ಬರೆಯಬಹುದಿತ್ತು. ಬರೆದೇ ಇರದಿದ್ದರೂ ನಡೆಯುತ್ತಿತ್ತು. ಅದನ್ನು ಬಿಟ್ಟು ದಪ್ಪ ಅಕ್ಷರದಲ್ಲಿ, ಕಣ್ಣಿಗೆ ಬೀಳುವ ಹಾಗೆ ಮುದ್ರಿಸಿದ್ದರು.

“ರಾವಸಾಹೇಬಗ ಇಂಥಾ ಯುಕ್ತಿ ಹೊಳ್ಯಂಗಿಲ್ರಿ,” ಎಂದಳು. “ಅಂವಗ ಗೊತ್ತಿದ್ರ ನನ್ನ ಮುಂದ ಅಂಕಿ ಓದತಿದ್ದಿಲ್ಲ. ಇದನ್ನ ಮಾಡಿದವ್ರು ಅಂವನ್ನೂ ಮೋಸ ಮಾಡ್ಯಾರ. ಯಾರರ ಓದಲಿ ಅಂತನ ಮಾಡ್ಯಾರ.”

“ಯಾರು?”

“ಅದನ್ನ ನಾ ಹೇಳತೇನ್ರಿ.”

ಇಬ್ಬರೂ ತಿರುಗಿದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಹಳದಿ ಸೀರೆ, ತಲೆತುಂಬ ಸೆರಗು, ಎದೆಗೆ ಅವಚಿಕೊಂಡ ಕೈಚೀಲ. ವಿಚಾರಣೆ ನಡೆಯುವಾಗ ಬಾಗಿಲ ಬಳಿ ನಿಂತಿದ್ದವಳು ಎಂದು ಅನುಸೂಯಾಳಿಗೆ ನೆನಪಾಯಿತು.

“ನಾ ಮನೀಷಾ. ರಾವಸಾಹೇಬರ ಸೊಸಿ. ಒಳಗ ಬರ್ರಿ, ಇಲ್ಲಿ ನಿಂತ್ರ ಮಾವಾರ ಡ್ರೈವರ್ ನೋಡತಾನ.”

ಪಕ್ಕದ ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಗದದ ಕಟ್ಟುಗಳ ನಡುವೆ ಮೂವರೂ ನಿಂತರು. ಮನೀಷಾಳ ತುಟಿ ಒಣಗಿತ್ತು. ಮಾತು ಮಾತ್ರ ತಡವರಿಸಲಿಲ್ಲ. ಬಹಳ ದಿನ ಒಳಗೊಳಗೇ ಹೇಳಿಕೊಂಡು ಗಟ್ಟಿಮಾಡಿಕೊಂಡ ಮಾತು ಅದು.

“ಆ ಹಾಳಿ ಕಂಪ್ಯೂಟರಿನ್ಯಾಗ ಮಾಡಿದಾಕಿ ನಾನ್ರಿ. ಒಣದ್ರಾಕ್ಷಿ ಶೆಡ್ಡಿನ ಬರಿಯೂದು ತಿದ್ದೂದು ಎಲ್ಲಾ ನಾನ ನೋಡತೇನಿ. ಮಾವಾರು ಬಂದು, ‘ಒಂದ ಫೋನ್ ಬರತೈತಿ, ಅವರ ಹೇಳಿದಂಗ ಚಿತ್ರಾ ತಗದ ಕೊಡು’ ಅಂದ್ರು. ಫೋನ್ ಬಂತು. ಹನ್ನೊಂದು ಹಿಂಡಿನ ಅಂಕಿ ಒಂದೊಂದ ಹೇಳಿದ್ರು. ಮಾವಾರು ಬಾಜೂಕ ನಿಂತು ನೋಡಾಕತ್ತಿದ್ರು. ಮೊದಲ ಚುಕ್ಕಿ ಇಳದೂ. ‘ಏರಬೇಕು’ ಅಂತ ಒದರಿದ್ರು. ಆವಾಗ ಫೋನಿನ್ಯಾಗ ಅವರು ಅಂದ್ರು, ‘ಅಕ್ಕಾ, ಚುಕ್ಕಿ ಒಂದೂ ಮುಟ್ಟಬ್ಯಾಡ. ಸೊನ್ನೆ ಬಲಕ್ಕ ಇಡು, ತಾನ ಏರತಾವ. ಅಂಕಿ ದಪ್ಪ ಇಡು.’ ಮಾವಾರಿಗೆ ಏರಿದ್ದು ಕಂಡ್ರ ಸಾಕಾತು.”

“ಅವರು ಅಂದ್ರ ಯಾರು?” ಸಿದ್ದಲಿಂಗ ಕೇಳಿದ.

“ಸುಹಾಸ ಸರ್.”

“ಯಾವತ್ತು?”

“ಗುರುವಾರ.”

ಸಿದ್ದಲಿಂಗ ಬೆರಳು ಮಡಚಿದ. ಮಂಗಳವಾರ ಕಾಣೆಯಾದ ಮನುಷ್ಯ. ಬುಧವಾರ ಸಿಕ್ಕ ರಕ್ತದ ಬೈಕು. ಗುರುವಾರ.

“ನೀವು ತಪ್ಪ ತಿಳಕೊಂಡೀರಿ. ಸೋಮವಾರ ಇರಬೇಕು.”

“ಗುರುವಾರ್ರಿ. ನಾ ಉಪವಾಸ ಇದ್ದೆ. ಅವರು ಮನಿಗೆ ಎಷ್ಟೋ ಸಲ ಬಂದಾರ, ದನಕ್ಕ ಸೂಜಿ ಮಾಡಾಕ. ಅವರ ದನಿ ನನಗ ಗೊತ್ತು. ಜೀವಂತ ಅದಾರ, ಎಲ್ಲ್ಯೋ ಅಡಗ್ಯಾರ ಅಂತ ಸುಮ್ಮನಿದ್ದೆ. ಇವತ್ತ ಅವರನ್ನ ಕೊಂದಾರಂತ ಈ ಮುದಕಗ ಕೊಲಿ ಕೇಸ ಹಾಕತಾರ ಅಂತ ಕೇಳಿ ಬಂದೇನಿ. ಮನಿಗೆ ಹೋದ ಮ್ಯಾಲ ನನ್ನ ಗತಿ ಏನಾಗತೈತೋ ಗೊತ್ತಿಲ್ಲ. ಆಗವಲ್ದ್ಯಾಕ.”

ಅವಳು ಚೀಲದಿಂದ ಚೀಟಿಯೊಂದನ್ನು ತೆಗೆದಳು. ಫೋನ್ ಬಂದ ನಂಬರು.

ಸಿದ್ದಲಿಂಗ ಕೈಚಾಚಿದ. ಅನುಸೂಯಾ ಅವನಿಗಿಂತ ಮೊದಲೇ ತೆಗೆದುಕೊಂಡಳು. “ಪೊಲೀಸ್ ನಂಬರ್ ನೋಡಿ ಎತ್ತಲಿಕ್ಕಿಲ್ರಿ. ನನ್ನ ನಂಬರ್ ಅಂವಗ ಬಾಯಿಪಾಠ ಐತಿ.”

ನಂಬರು ಒತ್ತಿದಳು. ಆ ಕಡೆ ಗಂಟೆ ಐದು ಸಲ ಬಡಿಯಿತು. ಆರು. ಏಳನೆಯದಕ್ಕೆ ಯಾರೋ ಎತ್ತಿದರು. ಮಾತಿಲ್ಲ. ದೂರದಲ್ಲಿ ಖಟಾಖಟ್, ಖಟಾಖಟ್ ಎಂದು ಬಿಡುವಿಲ್ಲದ ಸಪ್ಪಳ, ಒಂದಲ್ಲ, ಹತ್ತಾರು ಯಂತ್ರಗಳದು.

“ಪಾವರ್‌ಲೂಮ್,” ಸಿದ್ದಲಿಂಗ ಕಿವಿಗೊಟ್ಟು ಪಿಸುಗುಟ್ಟಿದ. “ಮಗ್ಗದ ಊರು ಬೋರಗಾಂವ ಇರಬೇಕು.”

“ಸುಹಾಸ?” ಎಂದಳು ಅನುಸೂಯಾ. “ನಾನು. ಓದಿದೆ. ಸೊನ್ನೆ ಎಲ್ಲೈತಿ ಅಂತ ಓದಿದೆ.”

ಆ ಕಡೆ ಉಸಿರು ಕೇಳಿಸಿತು. ಆಮೇಲೆ ಬಹಳ ಸಣ್ಣ ದನಿ.

“ಓದತೀರಿ ಅಂತ ಗೊತ್ತಿತ್ರಿ ಮೇಡಂ. ನೀವಲ್ದ ಯಾರೂ ಓದತಿದ್ದಿಲ್ಲ.”

“ಎಲ್ಲಿದ್ದಿ? ಯಾರ ಕೈಯಾಗದಿ?”

“ಅದನ್ನ ಬಿಡ್ರಿ, ಕಾಯಾಂವ ಫೋನ್ ಇಟ್ಟು ಹೊರಗ ಹೋಗ್ಯಾನ, ಟೈಮ್ ಇಲ್ಲ. ವಿಚಾರಣಿ ಇವತ್ತ ಅಲ್ಲೇನ್ರಿ? ಮಾಳಸಿದ್ದಪ್ಪನ್ನ ಬಿಡಸಬ್ಯಾಡ್ರಿ.”

“ಏನಂದಿ?”

“ಬಿಡಸಬ್ಯಾಡ್ರಿ! ಇವರ ಮಾತು ಕೇಳಿ ನನಗ ನಿನ್ನೆ ಗೊತ್ತಾತು, ಬೈಕ್ ತಂದು ಹಳ್ಳಕ್ಕ ದೂಡಿದವರನ್ನ ಅಂವಾ ನೋಡ್ಯಾನ. ಯಾರಂತ ಅಂವಗ ಗೊತ್ತಿಲ್ಲ, ಅಂವಾ ನೋಡ್ಯಾನ ಅಂತ ಇವರಿಗೆ ಗೊತ್ತೈತಿ. ಒಳಗ ಇದ್ದಷ್ಟ ದಿನಾ ಅಂವಾ ಬದಕತಾನ. ಹೊರಗ ಬಂದ್ರ...”

ಮಗ್ಗಗಳ ಸಪ್ಪಳ ಒಮ್ಮೆಲೇ ನಿಂತಿತು. ಯಾರೋ ಯಂತ್ರ ನಿಲ್ಲಿಸಿದ್ದರು. ಆ ಮೌನದಲ್ಲಿ ಬಾಗಿಲ ಚಿಲಕ ಸರಿದದ್ದು ಕೇಳಿಸಿತು. ಫೋನು ಕಟ್ಟಾಯಿತು.

ಅನುಸೂಯಾ ಕಾಗದದ ಕಟ್ಟುಗಳನ್ನು ಎಡವಿಕೊಂಡು ಹೊರಗೆ ಓಡಿದಳು. ಹಿಂದೆ ಸಿದ್ದಲಿಂಗನ ಬೂಟಿನ ಸಪ್ಪಳ. ಅಂಗಳ ದಾಟಿದಳು, ವಕೀಲರ ಮೇಜುಗಳನ್ನು ದಾಟಿದಳು. ಅರ್ಧ ತಾಸು ಇನ್ನೂ ಆಗಿರಲಿಲ್ಲ. ಆಗಿರಲಾರದು.

ಗೇಟಿನ ಹತ್ತಿರ ಬೇವಿನ ನೆರಳಲ್ಲಿ ಕೆಂಪವ್ವ ಒಬ್ಬಳೇ ನಿಂತಿದ್ದಳು. ಗಂಡನ ಕಂಬಳಿ ಅವಳ ಕೈಯಲ್ಲಿತ್ತು. ಏಳು ದಿನಗಳ ಮೇಲೆ ಮೊದಲ ಸಲ ಅವಳ ಮುಖ ತಿಳಿಯಾಗಿತ್ತು.

“ಮಾಮಾ ಎಲ್ಲಿ, ಅತ್ತಿ?”

“ಲಗೂನ ಬಿಟ್ರವ್ವಾ, ಸಹಿ ಮಾಡೂದ ತಡಾ,” ಕೆಂಪವ್ವ ನಕ್ಕಳು. “ನೀ ಕಳಿಸಿದ ಗಾಡಿಯಾಗ ಕುಂತು ಈಗರ ಹ್ವಾದಾ ನೋಡು.”